ಅಶ್ವದಳದ ಹಳೆಯ ಕತ್ತಿ: ಗುರುತಿಸುವ, ಬೆಲೆಗಟ್ಟುವ ಬಗೆ

ಆಯುಧಪೂಜೆಯ ದಿನ ಅಟ್ಟದಿಂದ ಇಳಿದು, ಹುಣಸೆಹಣ್ಣು ಇಟ್ಟಿಗೆಪುಡಿಗಳಲ್ಲಿ ಉಜ್ಜಿಸಿಕೊಂಡು, ಅರಿಸಿನ ಕುಂಕುಮ ಹಚ್ಚಿಸಿಕೊಂಡು, ಮರುವರ್ಷದವರೆಗೆ ಮತ್ತೆ ಅಟ್ಟ ಸೇರುವ ಉದ್ದನೆಯ ಕತ್ತಿಯೊಂದು ನಮ್ಮ ಹಳೆಯ ಮನೆಗಳಲ್ಲಿ ಅಲ್ಲಲ್ಲಿ ಇಂದಿಗೂ ಇದೆ. ಕತ್ತಿಯ ಜೊತೆಗೆ ಒಂದು ಕಥೆಯೂ ಇರುತ್ತದೆ. ಪರಿಚಿತರೊಬ್ಬರ ಮನೆಯಲ್ಲಿ ನನಗೆ ತೋರಿಸಿದ ಕತ್ತಿ ಟಿಪ್ಪುವಿನ ಕುದುರೆ ಸವಾರನೊಬ್ಬನದು ಎಂದು ಮೂರು ತಲೆಮಾರಿನಿಂದ ನಂಬಿಕೊಂಡು ಬಂದದ್ದು. ಆದರೆ ಅದರ ಕೈಕಾವಲಿಗೆ ಮೂರು ಕಬ್ಬಿಣದ ಕಂಬಿಗಳಿದ್ದವು. ಹಿಡಿಯ ಎರಡೂ ಮಗ್ಗುಲಿನ ಚರ್ಮದ ಹಲಗೆಗಳನ್ನು ಸಾಲು ರಿವೆಟ್ಟುಗಳಿಂದ ಬಿಗಿಯಲಾಗಿತ್ತು. ಅದು ಬ್ರಿಟಿಷ್ ಸೇನೆಯ 1853ರ ಮಾದರಿ. ಶ್ರೀರಂಗಪಟ್ಟಣ ಬಿದ್ದದ್ದು 1799ರಲ್ಲಿ. ಐವತ್ತನಾಲ್ಕು ವರ್ಷಗಳ ಈ ಅಂತರವನ್ನು ಯಾವ ಕಥೆಯೂ ತುಂಬಲಾರದು. ಮನೆಯವರಿಗೆ ಬೇಸರವಾಯಿತು ಎಂಬುದು ನಿಜ, ಆದರೆ ಕತ್ತಿ ನಕಲಿಯಾಗಿರಲಿಲ್ಲ. ಕಥೆ ಮಾತ್ರ ಬೇರೆ ಯಾವುದೋ ಕತ್ತಿಯದಾಗಿತ್ತು.

ಆದ್ದರಿಂದ ಈ ಕೆಲಸದಲ್ಲಿ ನಾನು ಪಾಲಿಸುವ ಕ್ರಮವೊಂದಿದೆ. ಮೊದಲು ಆಕಾರ, ಆಮೇಲೆ ಅಳತೆ, ಆಮೇಲೆ ಕಟ್ಟುವಿಕೆ, ಆಮೇಲೆ ಮುದ್ರೆಗಳು, ಎಲ್ಲಕ್ಕಿಂತ ಕೊನೆಗೆ ಕಥೆ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ: ಕಥೆಯನ್ನು ಮೊದಲು ಕೇಳಿಸಿಕೊಂಡು, ಅದಕ್ಕೆ ಹೊಂದುವ ಗುರುತುಗಳನ್ನು ಲೋಹದ ಮೇಲೆ ಹುಡುಕುತ್ತಾರೆ, ಹುಡುಕಿದವರಿಗೆ ಏನಾದರೊಂದು ಸಿಕ್ಕಿಯೇ ಸಿಗುತ್ತದೆ. ಇಲ್ಲಿ ಬ್ರಿಟಿಷ್ ಅಶ್ವದಳದ ಕತ್ತಿಗಳನ್ನೇ ಮುಖ್ಯವಾಗಿ ತೆಗೆದುಕೊಂಡಿದ್ದೇನೆ, ಏಕೆಂದರೆ ಕಂಪನಿಯ ಕಾಲದಿಂದ ಮೊದಲ ಮಹಾಯುದ್ಧದವರೆಗೆ ಈ ನೆಲದಲ್ಲಿ ಓಡಾಡಿದ, ಇಂದು ಮನೆಗಳಲ್ಲೂ ಹರಾಜುಗಳಲ್ಲೂ ಎದುರಾಗುವ ಅಶ್ವದಳದ ಕತ್ತಿಗಳಲ್ಲಿ ಅವುಗಳ ಪಾಲು ದೊಡ್ಡದು.

ಅಂಗಗಳ ಹೆಸರುಗಳನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಕತ್ತಿಯ ಲೋಹದ ಉದ್ದಭಾಗ ಅಲಗು. ಅದರ ಹರಿತವಾದ ಕಡೆ ಬಾಯಿ, ದಪ್ಪನೆಯ ಕಡೆ ಬೆನ್ನು, ತುದಿ ಮೊನೆ. ಅಲಗಿನ ಮಗ್ಗುಲಲ್ಲಿ ಉದ್ದಕ್ಕೂ ತೋಡಿದ ಕಾಲುವೆಯಂಥ ತಗ್ಗನ್ನು ತೋಡು ಎನ್ನೋಣ. ಅದು ರಕ್ತ ಹರಿಯಲು ಮಾಡಿದ್ದು ಎಂಬ ಮಾತು ಎಲ್ಲ ಊರುಗಳಲ್ಲೂ ಕೇಳಿಬರುತ್ತದೆ, ಎಲ್ಲ ಊರುಗಳಲ್ಲೂ ತಪ್ಪು. ಅಲಗಿನ ಬಿಗುವನ್ನು ಉಳಿಸಿಕೊಂಡು ತೂಕವನ್ನು ಇಳಿಸುವುದಷ್ಟೇ ಅದರ ಕೆಲಸ. ಹಿಡಿಯ ಒಳಗೆ ಸೇರಿಕೊಂಡಿರುವ ಅಲಗಿನ ಮುಂದುವರಿಕೆ ಬಾಲ, ಕೈಬೆರಳುಗಳನ್ನು ಕಾಯುವ ಲೋಹದ ಬಳೆ ಅಥವಾ ಬಟ್ಟಲು ಕೈಕಾವಲು, ಕತ್ತಿ ಕೂರುವ ಮನೆ ಒರೆ.

ಕತ್ತಿಯನ್ನು ಕೈಗೆತ್ತಿಕೊಳ್ಳುವ ಮುನ್ನ ಉಂಗುರ, ಬಳೆ, ಕೈಗಡಿಯಾರಗಳನ್ನು ತೆಗೆದಿಟ್ಟು ತೆಳುವಾದ ಕೈಗವಸು ಹಾಕಿಕೊಳ್ಳಿ. ಬೆವರಿನ ಉಪ್ಪು ಹಳೆಯ ಉಕ್ಕಿನ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಹಿಡಿಸುತ್ತದೆ. ಒರೆಯಿಂದ ಎಳೆಯುವಾಗ ಒರೆಯ ಬಾಯಿಯ ಬಳಿ ಬೆರಳು ಸುತ್ತಬೇಡಿ, ಏಕೆಂದರೆ ಚರ್ಮದ ಹಳೆಯ ಒರೆಗಳ ಹೊಲಿಗೆ ಬಿಟ್ಟುಕೊಂಡಿದ್ದರೆ ಅಲಗು ಮಗ್ಗುಲಿನಿಂದಲೇ ಹೊರಬಂದು ಕೈ ಕೊಯ್ಯುತ್ತದೆ. ಒರೆ ಕಚ್ಚಿಕೊಂಡಿದ್ದರೆ ಜೋರು ಮಾಡದೆ, ಬಾಯಿಯ ಹತ್ತಿರ ಒಂದೆರಡು ತೊಟ್ಟು ತೆಳು ಎಣ್ಣೆ ಬಿಟ್ಟು ಒಂದು ದಿನ ಕಾಯಿರಿ. ನೂರು ವರ್ಷ ಕಾದ ಕತ್ತಿ ಇನ್ನೊಂದು ದಿನ ಕಾಯುತ್ತದೆ.

ಅಳತೆಗೆ ಬಟ್ಟೆಯ ಟೇಪು, ಅಡುಗೆಮನೆಯ ತಕ್ಕಡಿ, ಮಿಲಿಮೀಟರ್ ತೋರಿಸುವ ಕ್ಯಾಲಿಪರ್ ಇದ್ದರೆ ಸಾಕು. ಅಲಗಿನ ಉದ್ದವನ್ನು ಕೈಕಾವಲಿನಿಂದ ಮೊನೆಯವರೆಗೆ ನೇರ ಗೆರೆಯಲ್ಲಿ ಅಳೆಯಬೇಕು, ಬಾಗಿನ ಗುಂಟ ಅಲ್ಲ. ಸೇನೆಯ ಹಳೆಯ ವಿವರಗಳಲ್ಲೂ ವಸ್ತುಸಂಗ್ರಹಾಲಯಗಳ ಪಟ್ಟಿಗಳಲ್ಲೂ ಕೊಡುವುದು ಈ ನೇರ ಅಳತೆಯೇ ಆದ್ದರಿಂದ ಬಾಗನ್ನು ಸೇರಿಸಿ ಅಳೆದವರ ಲೆಕ್ಕ ಯಾವುದಕ್ಕೂ ಹೊಂದುವುದಿಲ್ಲ. ಹಿಡಿಯ ಬಳಿ ಅಲಗಿನ ಅಗಲ, ತೋಡು ಮುಗಿಯುವಲ್ಲಿನ ಅಗಲ, ಒಟ್ಟು ತೂಕ, ಬೆರಳಿನ ಮೇಲೆ ತೂಗಿದಾಗ ಸಮತೋಲ ಸಿಗುವ ಬಿಂದು ಕೈಕಾವಲಿನಿಂದ ಎಷ್ಟು ದೂರ ಎಂಬುದು, ಇವನ್ನೆಲ್ಲ ಬರೆದುಕೊಳ್ಳಿ. ಇವೆಲ್ಲಕ್ಕಿಂತ ಹೆಚ್ಚು ಹೇಳುವ ಅಳತೆ ಬೆನ್ನಿನ ದಪ್ಪ. ಅದನ್ನು ಹಿಡಿಯ ಬಳಿ, ನಡುವೆ, ಮೊನೆಗೆ ಒಂದು ಗೇಣು ಈಚೆ, ಹೀಗೆ ಮೂರು ಕಡೆ ಅಳೆಯಬೇಕು. ಸೇನೆಗಾಗಿ ಬಡಿದು ಮಾಡಿದ ಅಲಗು ಹಿಡಿಯಿಂದ ಮೊನೆಯ ಕಡೆಗೆ ತೆಳುವಾಗುತ್ತಾ ಹೋಗುತ್ತದೆ; 1796ರ ಲಘು ಅಶ್ವದಳದ ಕತ್ತಿಯಲ್ಲಿ ಹಿಡಿಯ ಬಳಿ ಸುಮಾರು 8ರಿಂದ 10 ಮಿ.ಮೀ. ಇರುವ ಬೆನ್ನು ಮೊನೆಯ ಹತ್ತಿರ 2-3 ಮಿ.ಮೀ.ಗೆ ಇಳಿಯುತ್ತದೆ. ಒಂದೇ ದಪ್ಪದ ಉಕ್ಕಿನ ಪಟ್ಟಿಯಿಂದ ಕತ್ತರಿಸಿದ ಅಲಂಕಾರದ ಕತ್ತಿಯಲ್ಲಿ ಈ ಇಳಿಕೆ ಕಾಣುವುದಿಲ್ಲ. ನಕಲಿಯನ್ನು ಹೊರಗಿಡಲು ಇದಕ್ಕಿಂತ ಸುಲಭವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಮಾದರಿಯನ್ನು ಗುರುತಿಸುವುದು

ಬ್ರಿಟಿಷರಲ್ಲಿ ಕತ್ತಿಯ ಮಾದರಿಗೆ ಅದನ್ನು ಅಂಗೀಕರಿಸಿದ ವರ್ಷದ ಹೆಸರು. 1796ರ ಮಾದರಿ ಎಂದರೆ 1796ರಲ್ಲಿ ತಯಾರಾದ ಕತ್ತಿ ಎಂದಲ್ಲ, ಆ ವರ್ಷ ಒಪ್ಪಿತವಾದ ವಿನ್ಯಾಸ ಎಂದು. ಅದೇ ವಿನ್ಯಾಸದ ಕತ್ತಿಗಳು ಅಲ್ಲಿಂದ ಎರಡು ದಶಕಕ್ಕೂ ಹೆಚ್ಚು ಕಾಲ ತಯಾರಾಗುತ್ತಲೇ ಇದ್ದವು. ಮಾರುವವರು ಈ ವ್ಯತ್ಯಾಸವನ್ನು ಅನುಕೂಲಕ್ಕೆ ತಕ್ಕಂತೆ ಮರೆಯುವುದುಂಟು.

ಈ 1796ರ ಲಘು ಅಶ್ವದಳದ ಕತ್ತಿಯನ್ನು ರೂಪಿಸಿದವನು ಜಾನ್ ಗ್ಯಾಸ್ಪರ್ಡ್ ಲೆ ಮರ್ಚಂಟ್ ಎಂಬ ಅಧಿಕಾರಿ. ಬರ್ಮಿಂಗ್‌ಹ್ಯಾಮಿನ ಹೆನ್ರಿ ಆಸ್ಬರ್ನ್ ಅವನಿಗೆ ಜೊತೆಯಾದ ಕತ್ತಿ ತಯಾರಕ. ಅಲಗಿನ ಉದ್ದ ಸುಮಾರು 32½ರಿಂದ 33 ಅಂಗುಲ, ಅಂದರೆ 83-84 ಸೆಂ.ಮೀ. ಬಾಗು ಚೆನ್ನಾಗಿ ಎದ್ದು ಕಾಣುತ್ತದೆ, ಎರಡೂ ಮಗ್ಗುಲಲ್ಲಿ ಒಂದೊಂದೇ ಅಗಲವಾದ ತೋಡು, ಮೊನೆಯ ಕಡೆಗೆ ಅಲಗು ಕಿರಿದಾಗುವ ಬದಲು ತುಸು ಅಗಲವಾಗಿ ಮಚ್ಚಿನ ನೆನಪು ತರುತ್ತದೆ. ತೂಕ ಒಂದು ಕಿಲೋ ಆಸುಪಾಸು, ಅದರಲ್ಲೂ ಭಾರವೆಲ್ಲ ಮುಂದಕ್ಕೆ. ಚುಚ್ಚಲಿಕ್ಕಲ್ಲ, ಕೊಚ್ಚಲಿಕ್ಕೆ ಮಾಡಿದ ಆಯುಧ ಎಂಬುದು ಹಿಡಿದ ಕೂಡಲೇ ತಿಳಿಯುತ್ತದೆ. ಕೈಕಾವಲು ಒಂದೇ ಕಂಬಿಯದು, ಕುದುರೆಯ ರಿಕಾಪಿನ ಆಕಾರದ್ದು. ಅದರ ಬುಡದಿಂದ ಅಲಗಿನ ಎರಡೂ ಮಗ್ಗುಲಿಗೆ ನಾಲಿಗೆಯಂತೆ ಚಾಚಿದ ಎರಡು ಕಿರು ಪಟ್ಟಿಗಳಿರುತ್ತವೆ. ಹಿಡಿಯ ಬೆನ್ನುಪಟ್ಟಿಯಿಂದ ಎರಡು ಕಿವಿಗಳು ಹೊರಟು ಹಿಡಿಯ ನಡುವಿಗೆ ಬರುತ್ತವೆ, ಆ ಕಿವಿಗಳ ಮೂಲಕ ಒಂದು ರಿವೆಟ್ಟು ಹಿಡಿಯನ್ನೂ ಬಾಲವನ್ನೂ ಹಾಯ್ದಿರುತ್ತದೆ. ಒರೆ ಕಬ್ಬಿಣದ್ದು, ಎರಡು ಬಳೆಗಳದ್ದು. ಜರ್ಮನ್ ರಾಜ್ಯವಾದ ಪ್ರಷ್ಯದವರು ಇದೇ ವಿನ್ಯಾಸವನ್ನು 1811ರಲ್ಲಿ ತಮ್ಮದಾಗಿಸಿಕೊಂಡರು. ಆದ್ದರಿಂದ ನೋಡಲಿಕ್ಕೆ 1796ರದೇ ಎನ್ನಿಸಿದ ಕತ್ತಿಯ ಬೆನ್ನಿನ ಮೇಲೆ ಕಿರೀಟ, ಜರ್ಮನ್ ಅರಸನ ಹೆಸರಿನ ಮೊದಲಕ್ಷರಗಳು, ಇಸವಿ ಕಂಡರೆ ಅದು ಪ್ರಷ್ಯದ ಸೇನಾಪತಿ ಬ್ಲೂಖರ್ ಹೆಸರಿನಿಂದ ಕರೆಯಲಾಗುವ ಜರ್ಮನ್ ತಮ್ಮ.

ಆಮೇಲಿನವು ಲಘು ಅಶ್ವದಳದ 1821ರ ಮಾದರಿ ಮತ್ತು 1853ರ ಮಾದರಿ. ಎರಡಕ್ಕೂ ಮೂರು ಕಂಬಿಯ ಕೈಕಾವಲೇ ಇರುವುದರಿಂದ ಇವನ್ನು ಕಲಸಿಕೊಳ್ಳುವುದು ಸುಲಭ, ಬೇರ್ಪಡಿಸುವುದು ಇನ್ನೂ ಸುಲಭ. 1821ರ ಹಿಡಿ ಬಾಲವನ್ನು ಸುತ್ತಲೂ ಮುಚ್ಚಿಕೊಂಡಿರುತ್ತದೆ, ಬೆನ್ನಿಗೆ ಕಬ್ಬಿಣದ ಪಟ್ಟಿ ಇರುತ್ತದೆ. 1853ರಲ್ಲಿ ಬಾಲ ಹಿಡಿಯಷ್ಟೇ ಅಗಲವಾಗಿದ್ದು, ನಮ್ಮ ಅಡುಗೆಮನೆಯ ಒಳ್ಳೆಯ ಚಾಕುವಿನಂತೆ ಎರಡು ಹಲಗೆಗಳ ನಡುವೆ ಅದರ ಅಂಚು ಹೊರಗೇ ಕಾಣುತ್ತದೆ. 1853ರ ಅಲಗು ಸುಮಾರು 35½ ಅಂಗುಲ, 90 ಸೆಂ.ಮೀ.; ಬಾಗು ಹಿಂದಿನದಕ್ಕಿಂತ ಕಡಿಮೆ. ಲಘು ಮತ್ತು ಭಾರಿ ಅಶ್ವದಳ ಎರಡಕ್ಕೂ ಒಂದೇ ಕತ್ತಿ ಎಂಬ ನಿರ್ಧಾರ ಬಂದದ್ದು ಇದರೊಂದಿಗೆ.

ಅಧಿಕಾರಿಗಳ ಕತ್ತಿಗಳ ದಾರಿ ಬೇರೆ. ಸವಾರನ ಕತ್ತಿ ಸರ್ಕಾರ ಕೊಟ್ಟದ್ದು, ಅಧಿಕಾರಿಯದು ಅವನೇ ಅಂಗಡಿಯಿಂದ ಕೊಂಡದ್ದು. ಹಿಡಿಗೆ ತಿರಂಡಿ ಮೀನಿನ ಒರಟು ಚರ್ಮ, ಅದರ ಮೇಲೆ ಬೆಳ್ಳಿಯ ಅಥವಾ ಹಿತ್ತಾಳೆಯ ತಂತಿ ಸುತ್ತು, ಅಲಗಿನ ಮೇಲೆ ಆಮ್ಲದಿಂದ ಕೊರೆದ ಬಳ್ಳಿ, ಕಿರೀಟ, ಅರಸರ ಮೊದಲಕ್ಷರ. 1821ರ ಅಧಿಕಾರಿಯ ಅಲಗಿನ ಬೆನ್ನು ಮೊದಮೊದಲು ಒಂದು ಉಕ್ಕಿನ ಸಲಾಕೆಯನ್ನು ಅಂಟಿಸಿದಂತೆ ದುಂಡಾಗಿರುತ್ತಿತ್ತು. 1845ರ ನಂತರ ತೋಡಿರುವ ಚಪ್ಪಟೆ ಬೆನ್ನಿನ ಅಲಗು ಬಂದಿತು.

1864ರಲ್ಲಿ ಮೂರು ಕಂಬಿಗಳು ಹೋಗಿ ಉಕ್ಕಿನ ತಗಡಿನ ಬಟ್ಟಲು ಬಂದಿತು, ಅದರಲ್ಲಿ ತುದಿಯ ಕಡೆಗೆ ಅಗಲವಾಗುವ ನಾಲ್ಕು ತೋಳುಗಳ ಮಾಲ್ಟೀಸ್ ಶಿಲುಬೆಯ ಆಕಾರದ ತೂತು. ಆ ಶಿಲುಬೆ 1882, 1885, 1890ರ ಮಾದರಿಗಳಲ್ಲೂ ಉಳಿದುಕೊಂಡಿತು, 1899ರಲ್ಲಿ ಮಾಯವಾಯಿತು. ಇವುಗಳ ನಡುವಿನ ಸೂಕ್ಷ್ಮ ವ್ಯತ್ಯಾಸಗಳು ಅಲಗಿನ ಉದ್ದ, ಬಟ್ಟಲಿನ ಅಂಚಿನ ಮಡಿಕೆ, ಒರೆಯ ಬಳೆಗಳಲ್ಲಿವೆ. ಚಿತ್ರಗಳಿಲ್ಲದೆ ಬರಿಯ ಮಾತಿನಲ್ಲಿ ವಿವರಿಸಿ ಪ್ರಯೋಜನವಿಲ್ಲ.

1908ರ ಮಾದರಿಯನ್ನು ಮಾತ್ರ ಒಮ್ಮೆ ನೋಡಿದವರು ಮರೆಯುವುದಿಲ್ಲ. ಕತ್ತಿಯಿಂದ ಕೊಚ್ಚಬೇಕೋ ಚುಚ್ಚಬೇಕೋ ಎಂದು ನೂರು ವರ್ಷ ನಡೆದ ಜಗಳಕ್ಕೆ ಇದು ಬ್ರಿಟಿಷ್ ಸೇನೆ ಕೊಟ್ಟ ಕೊನೆಯ ತೀರ್ಪು: ಚುಚ್ಚಬೇಕು. ಅಲಗು ನೆಟ್ಟಗೆ, ಕಿರಿದಾಗಿ, ಸುಮಾರು 35 ಅಂಗುಲ ಉದ್ದ. ಕತ್ತಿ ಎನ್ನುವುದಕ್ಕಿಂತ ಗಿಡ್ಡ ಭಲ್ಲೆ ಎನ್ನಬಹುದು. ಕೈಯನ್ನು ಪೂರ್ತಿ ಮುಚ್ಚುವ ದೊಡ್ಡ ಉಕ್ಕಿನ ಬಟ್ಟಲು, ಪಿಸ್ತೂಲಿನ ಹಿಡಿಯಂತೆ ಹೆಬ್ಬೆರಳಿಗೆ ತಗ್ಗು ಮಾಡಿದ ಹಿಡಿ, ಒಟ್ಟು ತೂಕ 1.3 ಕಿಲೋಗಿಂತ ತುಸು ಹೆಚ್ಚಾದರೂ ಸಮತೋಲ ಬಿಂದು ಕೈಕಾವಲಿಗೆ ಹತ್ತಿರವಿರುವುದರಿಂದ ಭಾರವೆನಿಸುವುದಿಲ್ಲ. ಯುದ್ಧಕಾಲದಲ್ಲಿ ಬಟ್ಟಲಿಗೆ, ಒರೆಗೆ ಖಾಕಿ ಹಸಿರು ಬಣ್ಣ ಬಳಿಯುತ್ತಿದ್ದರು; ಮೂಲೆಗಳಲ್ಲಿ ಆ ಬಣ್ಣ ಉಳಿದಿದ್ದರೆ ಅದನ್ನು ಕೊಳೆ ಎಂದು ಕೆರೆದು ತೆಗೆಯಬೇಡಿ. ಇದೇ ಅಲಗಿಗೆ ಬಳ್ಳಿ ಕೊರೆದ ಬಟ್ಟಲನ್ನು ಜೋಡಿಸಿದರೆ 1912ರ ಅಧಿಕಾರಿಯ ಕತ್ತಿ. ಭಾರತೀಯ ಸವಾರರಿಗೆಂದು ಹಿಡಿ ಚಿಕ್ಕದಾಗಿದ್ದ ಒಂದು ಭಾರತೀಯ ರೂಪವೂ ತಯಾರಾಯಿತು. ನಿಮ್ಮ ಅಂಗೈ ದೊಡ್ಡದಾಗಿದ್ದು ಬಟ್ಟಲಿನೊಳಗೆ ಬೆರಳು ಇಕ್ಕಟ್ಟಾದರೆ ಮೊದಲು ಆ ಅನುಮಾನ ಬರಲಿ. ಅಮೆರಿಕದ 1913ರ ಮಾದರಿ ಇದನ್ನು ಬಹಳವಾಗಿ ಹೋಲುತ್ತದೆ, ಆದರೆ ಅದರ ಅಲಗಿಗೆ ಎರಡು ಬಾಯಿ, ಮುದ್ರೆಗಳೂ ಬೇರೆ.

1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ದಳಗಳ ನೆನಪು ನಮ್ಮಲ್ಲಿ ಇನ್ನೂ ಹಸಿಯಾಗಿರುವುದರಿಂದ, ನೆಟ್ಟನೆಯ ಕತ್ತಿಯೊಂದು ಸಿಕ್ಕಿದರೆ ಸಾಕು, ಹೈಫಾದಿಂದ ಬಂದದ್ದು ಎಂಬ ಮಾತು ಹುಟ್ಟಿಕೊಳ್ಳುತ್ತದೆ. ಹಾಗೆ ಹೇಳಲು ಕತ್ತಿಯ ಮೇಲೆ ದಳದ ಮುದ್ರೆಯೋ, ಸವಾರನ ಸೇವಾ ಕಾಗದವೋ, ಆ ಮನೆಯಲ್ಲೇ ಉಳಿದ ಪದಕವೋ ಜೊತೆಗಿರಬೇಕು. ಬರಿಯ ಮಾದರಿಯಿಂದ ಅಲ್ಲಿಗೆ ನೆಗೆಯುವಂತಿಲ್ಲ.

ಮುದ್ರೆಗಳನ್ನು ಓದುವುದು

ಮುದ್ರೆಗಳಿಗೆ ಮೂರು ನಾಲ್ಕು ಕಟ್ಟೆಮನೆಗಳಿವೆ: ಹಿಡಿಗೆ ಅಂಟಿದ ಅಲಗಿನ ಭಾಗ, ಅಲ್ಲಿನ ಬೆನ್ನು, ಕೈಕಾವಲಿನ ಒಳಹೊರ ಮುಖಗಳು, ಒರೆಯ ಬಾಯಿ ಮತ್ತು ಬಳೆಗಳ ಹತ್ತಿರದ ಜಾಗ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಲೋಹಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿದು ಓರೆ ಬೆಳಕು ಬಿಟ್ಟರೆ, ಹಗಲಿನಲ್ಲಿ ಕಾಣದ ಅಕ್ಷರಗಳು ನೆರಳಿನಲ್ಲಿ ಎದ್ದು ಬರುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಿಂದ ನೋಡಿ, ಅದೇ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಅಕ್ಷರ ಕಾಣಲೆಂದು ಉಪ್ಪುಕಾಗದದಲ್ಲಿ ಉಜ್ಜಿದವರು ಅಕ್ಷರವನ್ನೇ ಕಳೆದುಕೊಂಡಿದ್ದಾರೆ.

ಮೇಲ್ಮುಖದ ಅಗಲ ಬಾಣದ ಗುರುತು ಬ್ರಿಟಿಷ್ ಸರ್ಕಾರದ ಸೊತ್ತು ಎಂಬುದರ ಸಂಕೇತ. ಅದರೊಡನೆ ಇಂಗ್ಲಿಷಿನ ಐ ಅಕ್ಷರವಿದ್ದರೆ ಭಾರತ ಸರ್ಕಾರದ ಸೊತ್ತು. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ ಕತ್ತಿಯನ್ನು ಸೇವೆಯಿಂದ ತೆಗೆದು ಮಾರಿದ್ದಾರೆ ಎಂದರ್ಥ, ಆ ಗುರುತು ಕತ್ತಿಗೆ ಕಳಂಕವಲ್ಲ. ಕಿರೀಟದ ಕೆಳಗೆ ಒಂದು ಅಂಕಿ, ಅದರ ಕೆಳಗೆ ಒಂದು ಅಕ್ಷರ ಇದ್ದರೆ ಅದು ಪರೀಕ್ಷಕನ ಮುದ್ರೆ: ಇ ಎಂದರೆ ಎನ್‌ಫೀಲ್ಡ್, ಬಿ ಎಂದರೆ ಬರ್ಮಿಂಗ್‌ಹ್ಯಾಮ್, ಎಸ್ ಎಂದರೆ ಜರ್ಮನಿಯ ಜೋಲಿಂಗೆನ್. ಇಂಗ್ಲೆಂಡಿನ ಸೇನೆ ಜರ್ಮನಿಯಲ್ಲಿ ಕತ್ತಿ ಮಾಡಿಸಿದ್ದೇ ಎಂದು ಅಚ್ಚರಿಪಡುವವರಿದ್ದಾರೆ, ಧಾರಾಳವಾಗಿ ಮಾಡಿಸಿತು. ಬಗ್ಗಿಸಿ ನೋಡಿ ಪರೀಕ್ಷೆಯಲ್ಲಿ ಗೆದ್ದ ಅಲಗಿಗೆ ಗುಣಿಸುವ ಚಿಹ್ನೆಯಂಥ ಸಣ್ಣ ಗುರುತು ಹಾಕುತ್ತಿದ್ದರು. ಕತ್ತಿಯನ್ನು ದಳಕ್ಕೆ ಕೊಟ್ಟ ಇಸವಿಯ ಕೊನೆಯ ಎರಡು ಅಂಕಿಗಳೂ ಇದೇ ಸುತ್ತಿನಲ್ಲಿ ಸಿಗುತ್ತವೆ.

ಅರಸರ ಮೊದಲಕ್ಷರಗಳು ಕಾಲವನ್ನು ಕಿರಿದುಮಾಡುತ್ತವೆ. ಜಿ.ಆರ್. ಎಂದರೆ ಜಾರ್ಜ್, ಆದರೆ ಯಾವ ಜಾರ್ಜ್ ಎಂಬುದನ್ನು ಮಾದರಿಯೇ ಹೇಳಬೇಕು, ಏಕೆಂದರೆ 1830ರವರೆಗೆ ಆಳಿದ ಜಾರ್ಜರೂ ಇದ್ದಾರೆ, 1910ರಿಂದ 1936ರವರೆಗೆ ಆಳಿದ ಐದನೆಯ ಜಾರ್ಜನೂ ಇದ್ದಾನೆ. ವಿ.ಆರ್. ಇದ್ದರೆ ವಿಕ್ಟೋರಿಯಾಳ 1837ರಿಂದ 1901ರ ನಡುವಿನದು. ಅದಕ್ಕೆ ಐ ಸೇರಿ ವಿ.ಆರ್.ಐ. ಆಗಿದ್ದರೆ 1877ರ ನಂತರದ್ದು, ಏಕೆಂದರೆ ಆ ವರ್ಷದ ಜನವರಿ 1ರಂದು ಅವಳನ್ನು ಭಾರತದ ಚಕ್ರವರ್ತಿನಿ ಎಂದು ಸಾರಲಾಯಿತು. ಹೃದಯದ ಆಕಾರದೊಳಗೆ ನಾಲ್ಕು ಅಕ್ಷರಗಳ ಗುರುತು ಈಸ್ಟ್ ಇಂಡಿಯಾ ಕಂಪನಿಯದು. ಕೋವಿಗಳ ಮೇಲೆ ಹೆಚ್ಚು, ಕತ್ತಿಗಳ ಮೇಲೆ ಅಪರೂಪ, ಅದರಿಂದಲೇ ನಕಲಿಗಾರರಿಗೆ ಪ್ರಿಯ.

ತಯಾರಕರಲ್ಲಿ ಆಸ್ಬರ್ನ್, ಗಿಲ್, ವೂಲಿ, ರೀವ್ಸ್, ಮೋಲ್ ಮೊದಲಾದವರು ಬರ್ಮಿಂಗ್‌ಹ್ಯಾಮಿನವರು. ಇವರ ಪೈಕಿ ರಾಬರ್ಟ್ ಮೋಲ್ ಅಂಡ್ ಸನ್ಸ್ ಭಾರತಕ್ಕಾಗಿ ಹೇರಳವಾಗಿ ಕತ್ತಿ ಮಾಡಿದ ಸಂಸ್ಥೆಯಾದ್ದರಿಂದ ಆ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಲಂಡನ್ನಿನ ವಿಲ್ಕಿನ್ಸನ್ ಸಂಸ್ಥೆಯ ಅಧಿಕಾರಿಗಳ ಕತ್ತಿಗಳಿಗೆ 1854ರಿಂದ ಬೆನ್ನಿನ ಮೇಲೆ ಹಿಡಿಯ ಬಳಿ ಕ್ರಮಸಂಖ್ಯೆ ಬಂದಿತು. ಆ ಸಂಖ್ಯೆಗಳ ದಾಖಲೆ ಪುಸ್ತಕಗಳು ಉಳಿದಿರುವುದರಿಂದ ಸಂಖ್ಯೆ ಸ್ಪಷ್ಟವಾಗಿದ್ದರೆ ತಯಾರಾದ ವರ್ಷವನ್ನು ನಿಖರವಾಗಿ, ಅದೃಷ್ಟವಿದ್ದರೆ ಕೊಂಡ ಅಧಿಕಾರಿಯ ಹೆಸರನ್ನೂ ತಿಳಿಯಬಹುದು. ಅಲಗಿನ ಬುಡದಲ್ಲಿ ಎರಡು ತ್ರಿಕೋನಗಳು ಹೆಣೆದ ಷಟ್ಕೋಣ ಕಂಡು ನಮ್ಮವರು ಅದನ್ನು ಯಂತ್ರವೆಂದು, ಮಂತ್ರಿಸಿದ ಕತ್ತಿಯೆಂದು ಭಾವಿಸಿದ್ದನ್ನು ನಾನು ಕೇಳಿದ್ದೇನೆ. ಅಲಗು ಪರೀಕ್ಷೆಯಲ್ಲಿ ಗೆದ್ದಿದೆ ಎಂದು ತಯಾರಕ ಕೂರಿಸಿದ ಹಿತ್ತಾಳೆಯ ಬಿಲ್ಲೆಯ ಸುತ್ತಿನ ಅಲಂಕಾರ ಅದು, ಅಷ್ಟೇ. ಜೋಲಿಂಗೆನ್ನಿನ ಕತ್ತಿಗಳಲ್ಲಿ ಅರಸನ ತಲೆ, ಶಿರಸ್ತ್ರಾಣ ತೊಟ್ಟ ವೀರನ ತಲೆ ಜೋಡಿಯಾಗಿ ಕಂಡರೆ ಅದು 1883ರಲ್ಲಿ ಒಂದಾದ ವೈಯರ್ಸ್‌ಬರ್ಗ್ ಮತ್ತು ಕಿರ್ಷ್‌ಬೌಮ್ ಸಂಸ್ಥೆಗಳದು.

ದಳದ ಗುರುತುಗಳ ವಿಷಯದಲ್ಲಿ ಆತುರ ಬೇಡ. ಎಂ ಮತ್ತು ಎಲ್ ಅಕ್ಷರಗಳು ಸಿಕ್ಕ ಕೂಡಲೇ ಮೈಸೂರು ಲ್ಯಾನ್ಸರ್ಸ್ ಎಂದುಬಿಡುವ ಚಪಲ ನನಗೂ ಆಗುತ್ತದೆ. ಎಂ ಎಂಬುದು ಮದ್ರಾಸು ಆಗಬಹುದು, ಎಲ್ ಎಂಬುದು ಲೈಟ್ ಆಗಬಹುದು. ಅಕ್ಷರದ ಜೊತೆ ಬರುವ ಸಂಖ್ಯೆ, ಕತ್ತಿಯ ಮಾದರಿ, ಪರೀಕ್ಷಕನ ಮುದ್ರೆಯ ಕಾಲ ಮೂರೂ ಒಂದೇ ದಿಕ್ಕು ತೋರಿಸಿದರೆ ಮಾತ್ರ ದಳದ ಹೆಸರು ಹೇಳಬಹುದು. ಕತ್ತಿಯ ಮೇಲಿನ ಸಂಖ್ಯೆಯೇ ಒರೆಯ ಮೇಲೂ ಇದ್ದರೆ ಅದೊಂದು ಸಂತೋಷದ ದಿನ.

ತಲವಾರಿನ ಹಿಡಿ, ಇಂಗ್ಲಿಷ್ ಅಲಗು

ನಮ್ಮ ಕಡೆ ಸಿಗುವ ಕತ್ತಿಗಳಲ್ಲಿ ಅತ್ಯಂತ ಕುತೂಹಲದವು ಈ ಮಿಶ್ರ ಕತ್ತಿಗಳೇ. ತಟ್ಟೆಯಾಕಾರದ ತಲೆಯುಳ್ಳ ಉಕ್ಕಿನ ತಲವಾರ್ ಹಿಡಿಗೆ 1796ರ ಅಲಗನ್ನು ಕೂರಿಸಿರುವುದನ್ನು ಕಂಡು, ಯಾರೋ ಎರಡು ಮುರುಕು ಕತ್ತಿಗಳನ್ನು ಸೇರಿಸಿ ವಂಚಿಸಿದ್ದಾರೆ ಎಂದು ತಳ್ಳಿಹಾಕಬಾರದು. ಸಿಲ್ಲೇದಾರಿ ಪದ್ಧತಿಯಲ್ಲಿ ಸವಾರ ಕುದುರೆಯನ್ನೂ ಆಯುಧವನ್ನೂ ತಾನೇ ತರಬೇಕಿತ್ತು. ಮೈಸೂರಿನ ಸಿಲ್ಲೇದಾರ್ ದಳಗಳಲ್ಲೂ ಇದೇ ಕ್ರಮ. ಬ್ರಿಟಿಷ್ ದಳಗಳು ಬಿಟ್ಟ ಹಳೆಯ ಅಲಗುಗಳನ್ನು ಸವಾರರು ಕೊಂಡು, ತಮ್ಮ ಕೈಗೆ ಒಗ್ಗಿದ ಹಿಡಿ ಹಾಕಿಸಿ, ಕ್ಷೌರದ ಕತ್ತಿಯಂತೆ ಮಸೆದು, ಚರ್ಮ ಹೊದಿಸಿದ ಮರದ ಒರೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ನಿಜಾಮರ ಸವಾರರ ಕೈಯಲ್ಲಿ ಇಂಥ ಕತ್ತಿಗಳು ಮಾಡಿದ ಭೀಕರ ಗಾಯಗಳನ್ನು ಬ್ರಿಟಿಷ್ ಅಶ್ವದಳದ ಕ್ಯಾಪ್ಟನ್ ನೋಲನ್ ಬೆರಗಿನಿಂದ ದಾಖಲಿಸಿದ್ದಾನೆ. ತನ್ನ ಸೇನೆಯ ಕಬ್ಬಿಣದ ಒರೆ ಪ್ರತಿ ಸಲ ಎಳೆದಾಗಲೂ ಬಾಯನ್ನು ಮೊಂಡು ಮಾಡುತ್ತದೆ, ಇವರು ಕಾಳಗದಲ್ಲಲ್ಲದೆ ಕತ್ತಿ ಎಳೆಯುವುದೇ ಇಲ್ಲ ಎಂಬುದು ಅವನು ಕಂಡುಕೊಂಡ ಗುಟ್ಟು. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ್, ಕಲಬುರಗಿ, ರಾಯಚೂರುಗಳ ಕಡೆ ಇಂಥ ಕತ್ತಿ ಹೊರಬಂದರೆ ಆಶ್ಚರ್ಯಪಡಬೇಕಿಲ್ಲ.

ಮಿಶ್ರ ಕತ್ತಿಯನ್ನು ಪರೀಕ್ಷಿಸುವಾಗ ಹಿಡಿಗೂ ಅಲಗಿಗೂ ನಡುವಿನ ಸಂದನ್ನು ನೋಡಿ. ಭಾರತೀಯ ಹಿಡಿಯೊಳಗೆ ಬಾಲವನ್ನು ಅರಗಿನಲ್ಲಿ ಕೂರಿಸುತ್ತಾರೆ. ಹಳೆಯ ಅರಗು ಕಪ್ಪಾಗಿ, ಗಾಜಿನಂತೆ ಬಿರುಕುಬಿಟ್ಟಿರುತ್ತದೆ; ಇತ್ತೀಚಿನ ಜೋಡಣೆಯಾದರೆ ಎಪಾಕ್ಸಿ ಅಂಟು, ಬೆಸುಗೆಯ ಗಂಟು, ಹೊಸ ಅರದ ಗೆರೆಗಳು ಕಾಣುತ್ತವೆ. ಅರಗು ಬಿಸಿಗೆ ಮೆತ್ತಗಾಗುವುದರಿಂದ ಇಂಥ ಕತ್ತಿಯನ್ನು ಬಿಸಿಲಿಗಾಗಲಿ ಕಾರಿನ ಡಿಕ್ಕಿಯಲ್ಲಾಗಲಿ ಇಡಬಾರದು. ಅಲಗಿನ ಮೇಲೆ ಹಲ್ಲುಹಲ್ಲಿನ ಎರಡು ಅರ್ಧಚಂದ್ರಗಳ ಗುರುತಿದ್ದರೆ ಅದು ಮೂಲದಲ್ಲಿ ಇಟಲಿಯ ಜಿನೋವಾದ್ದು, ಆದರೆ ಒಳ್ಳೆಯ ಉಕ್ಕಿನ ಹೆಸರು ಪಡೆದ ಆ ಗುರುತನ್ನು ಇಲ್ಲಿನ ಕಮ್ಮಾರರೂ ಶತಮಾನಗಳ ಕಾಲ ನಕಲು ಮಾಡಿದ್ದಾರೆ. ಇನ್ನು, ಅಲಗಿನ ಮೈಯಲ್ಲಿ ನೀರಿನ ಅಲೆಯಂಥ ರೇಖೆಗಳು ಕಂಡರೆ ಅದು ಇಂಗ್ಲಿಷ್ ಅಲಗಲ್ಲ, ಮೂಸೆಯಲ್ಲಿ ಕರಗಿಸಿದ ನಮ್ಮ ಉಕ್ಕಿನದಿರಬಹುದು, ಆಗ ಈ ಲೇಖನವನ್ನು ಬದಿಗಿಟ್ಟು ಆ ವಿಷಯ ಬಲ್ಲವರನ್ನು ಹುಡುಕಿ.

ನಕಲಿ, ಸ್ಥಿತಿ, ಬೆಲೆ

ಡೆಹರಾಡೂನ್ ಮೊದಲಾದ ಕಡೆ ಸಿನಿಮಾಕ್ಕೆ, ಅಲಂಕಾರಕ್ಕೆ, ಹವ್ಯಾಸಿಗಳಿಗೆ ಹಳೆಯ ಮಾದರಿಗಳ ಪ್ರತಿಗಳನ್ನು ಬಹಿರಂಗವಾಗಿಯೇ ಮಾಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಅವು ಕೈ ಬದಲಾಗಿ, ಆಮ್ಲದಲ್ಲಿ ಮಿಂದು, ಮಣ್ಣಿನಲ್ಲಿ ಕೆಲವು ತಿಂಗಳು ಮಲಗಿ, ಪುರಾತನವಾಗಿ ಏಳುವುದೇ ತೊಂದರೆ. ಸಹಜ ತುಕ್ಕು ಅಲ್ಲಲ್ಲಿ ದ್ವೀಪಗಳಂತಿರುತ್ತದೆ, ಕೈ ತಾಗುವಲ್ಲಿ ಕಡಿಮೆ, ಒರೆಯ ಬಾಯಿಯ ಬಳಿ ಹೆಚ್ಚು. ಆಮ್ಲದ ತುಕ್ಕು ಎಲ್ಲೆಡೆ ಒಂದೇ ಬಗೆಯ ಸಣ್ಣ ಗುಳಿಗಳು, ಅಂಚಿನಲ್ಲೂ ತೋಡಿನಲ್ಲೂ ವ್ಯತ್ಯಾಸವಿಲ್ಲ. ಹಿತ್ತಾಳೆಯ ಕಿಲುಬು ಮೂಲೆಗಳಲ್ಲಿ ಕಪ್ಪಾಗಿ ಗಟ್ಟಿಯಾಗಿರಬೇಕು, ಒರೆಸಿದರೆ ಬಟ್ಟೆಗೆ ಹಸಿರು ಪುಡಿಯಾಗಿ ಬರಬಾರದು. ಹತ್ತೊಂಬತ್ತನೆಯ ಶತಮಾನದ ಸವಾರನ ಕತ್ತಿಗಳಲ್ಲಿ ಬಾಲದ ತುದಿಯನ್ನು ಹಿಡಿಯ ತಲೆಯಿಂದ ಹೊರತಂದು ಸುತ್ತಿಗೆಯಿಂದ ಬಡಿದು ಹರಡಿಸಿರುತ್ತಾರೆ. ಅಲ್ಲಿ ಸಾಧಾರಣ ನಟ್ಟು ಬೋಲ್ಟು ಕಂಡರೆ ಅನುಮಾನಪಡಿ. ಟಿಪ್ಪುವಿನ ಹೆಸರು ಹೊತ್ತ ಕತ್ತಿಗಳ ಬಗ್ಗೆ ವಿಶೇಷವಾಗಿ ಎಚ್ಚರವಿರಲಿ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಅವನ ಶಯನಗೃಹದ ಕತ್ತಿ 1.4 ಕೋಟಿ ಪೌಂಡಿಗೂ ಹೆಚ್ಚಿಗೆ ಹೋಯಿತೆಂದರೆ, ಅಲಗಿನ ಮೇಲೆ ಹುಲಿಯ ಪಟ್ಟೆ ಕೆತ್ತಿಸಲು ಎಷ್ಟು ಜನ ಮುಂದೆ ಬಂದಾರು ಎಂಬುದನ್ನು ಊಹಿಸಬಹುದು.

ಕತ್ತಿ ಅಸಲಿ ಎಂದಾದ ಮೇಲೆ ಸ್ಥಿತಿ. ಅಲಗಿನ ಉದ್ದ ಮಾದರಿಯ ಅಳತೆಗಿಂತ ಒಂದೂವರೆ ಎರಡು ಸೆಂ.ಮೀ. ಕಡಿಮೆಯಿದ್ದರೆ ಮೊನೆ ಮುರಿದು ಮತ್ತೆ ಸಾಣೆ ಹಿಡಿದದ್ದಿರಬೇಕು. ಬೆಲೆ ಗಣನೀಯವಾಗಿ ಇಳಿಯುತ್ತದೆ. ಬಾಯಿಯಲ್ಲಿ ಕಚ್ಚುಗಳಿದ್ದರೆ ಅಷ್ಟು ತಲೆ ಬಿದ್ದವು ಎಂದು ಎಣಿಸುವವರಿದ್ದಾರೆ, ಹೆಚ್ಚಿನ ಕಚ್ಚುಗಳು ಮಕ್ಕಳು ಕತ್ತಿಗೆ ಕತ್ತಿ ತಾಗಿಸಿ ಆಡಿದ್ದು ಅಥವಾ ತೆಂಗಿನಕಾಯಿ ಒಡೆದದ್ದು. ಆದರೆ ಯುದ್ಧಕ್ಕೆ ಹೊರಡುವ ಮುನ್ನ ದಳದ ಕಮ್ಮಾರ ಹಿಡಿದ ಸಾಣೆಯ ಗುರುತು ಅಲಗಿನ ಮುಂಭಾಗದಲ್ಲಿ ಉದ್ದಕ್ಕೂ ಒಂದೇ ಸಮನಾಗಿದ್ದರೆ ಅದು ದೋಷವಲ್ಲ, ಸೇವೆಯ ಸಾಕ್ಷಿ. ಅಧಿಕಾರಿಯ ಕತ್ತಿಯಲ್ಲಿ ಕೊರೆದ ಚಿತ್ರ ಎಷ್ಟು ಉಳಿದಿದೆ, ತಂತಿಯ ಸುತ್ತು ಪೂರ್ತಿ ಇದೆಯೇ ಎಂಬುದು ಮುಖ್ಯ. ಸವಾರನ ಕತ್ತಿಯಲ್ಲಿ ಮುದ್ರೆಗಳ ಸ್ಪಷ್ಟತೆ ಮುಖ್ಯ. ಮೂಲ ಒರೆ ಇದ್ದರೆ ಬೆಲೆ ಏರುತ್ತದೆ, ಒಳಕ್ಕೆ ತಗ್ಗಾದರೂ ಚಿಂತೆಯಿಲ್ಲ. ಇವೆಲ್ಲವನ್ನೂ ಮೀರಿಸುವುದು ಹೆಸರು: ಅಧಿಕಾರಿಯ ಮೊದಲಕ್ಷರ ಕೊರೆದ, ದಾಖಲೆಯಲ್ಲಿ ಅವನ ಸೇವೆ ಸಿಗುವ, ಸಾಧಾರಣ ಸ್ಥಿತಿಯ ಕತ್ತಿ ಹೆಸರಿಲ್ಲದ ಹೊಳೆಯುವ ಕತ್ತಿಗಿಂತ ಹೆಚ್ಚು ಬೆಲೆ ಬಾಳುತ್ತದೆ.

ಬೆಲೆಯನ್ನು ತಿಳಿಯಲು ಅಂತರ್ಜಾಲದಲ್ಲಿ ಮಾರುವವರು ಕೇಳುವ ದರವನ್ನು ನೋಡಬೇಡಿ, ಹರಾಜುಗಳಲ್ಲಿ ನಿಜವಾಗಿ ಮಾರಾಟವಾದ ದರವನ್ನು ನೋಡಿ. ಅದರಲ್ಲೂ ಕೊಳ್ಳುವವನು ಹರಾಜು ಸಂಸ್ಥೆಗೆ ಕೊಡುವ ಹೆಚ್ಚುವರಿ ಶುಲ್ಕ ಸೇರಿದೆಯೇ ಎಂಬುದನ್ನು ಗಮನಿಸಿ. ಹೋಲಿಸಲು ಅಸಲಿ ಕತ್ತಿಗಳು ಬೇಕಾದರೆ ಲೀಡ್ಸ್‌ನ ರಾಯಲ್ ಆರ್ಮರೀಸ್, ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ ತಮ್ಮ ಸಂಗ್ರಹವನ್ನು ಚಿತ್ರಸಹಿತ ಅಂತರ್ಜಾಲದಲ್ಲಿ ಇಟ್ಟಿವೆ; ಕಣ್ಣಾರೆ ಕಾಣಬೇಕಾದರೆ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಆಯುಧಗಳ ವಿಭಾಗ ನಮಗೆ ಹತ್ತಿರ.

ಕಾಪಾಡುವ ಬಗೆ ಚಿಕ್ಕದು. ಹುಣಸೆಹಣ್ಣು, ನಿಂಬೆ, ಇಟ್ಟಿಗೆಪುಡಿ, ಉಪ್ಪುಕಾಗದ, ಬಫಿಂಗ್ ಯಂತ್ರ ಇವು ಬೇಡ. ಮೆತ್ತನೆ ಬಟ್ಟೆಯಲ್ಲಿ ತೆಳು ಖನಿಜ ಎಣ್ಣೆ ಸವರಿ, ಒಣಬಟ್ಟೆಯಿಂದ ಒರೆಸಿದರೆ ಸಾಕು. ಪೂಜೆ ಬೇಕೆನ್ನುವವರು ಕುಂಕುಮವನ್ನು ಒರೆಗೆ ಕಟ್ಟಿದ ಬಟ್ಟೆಗೆ ಹಚ್ಚಲಿ. ಒದ್ದೆ ಅರಿಸಿನ ಕುಂಕುಮ ತಿಂಗಳುಗಟ್ಟಲೆ ಉಕ್ಕಿನ ಮೇಲೆ ಕೂತಲ್ಲಿ ಗುಳಿ ಬೀಳುವುದನ್ನು ನೋಡಿದ್ದೇನೆ. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲಕ್ಕೆ ಕತ್ತಿಯನ್ನು ಚರ್ಮದ ಒರೆಯಿಂದ ಹೊರತೆಗೆದು ಬೇರೆಯಾಗಿ ಇಡಬೇಕು, ಏಕೆಂದರೆ ಚರ್ಮ ತೇವವನ್ನು ಹಿಡಿದಿಡುತ್ತದೆ, ಹದಮಾಡಲು ಬಳಸಿದ ಆಮ್ಲವೂ ಅದರಲ್ಲಿ ಉಳಿದಿರುತ್ತದೆ.

ಕಾನೂನಿನ ಎರಡು ಮಾತು. 1959ರ ಆಯುಧ ಕಾಯ್ದೆಯಡಿ ಕತ್ತಿಯೂ ಆಯುಧವೇ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಇಟ್ಟುಕೊಳ್ಳಲು ಪರವಾನಗಿ ಬೇಕಾಗುವುದರಿಂದ ನಿಮ್ಮ ಊರಿನ ಸ್ಥಿತಿಯನ್ನು ಪೊಲೀಸ್ ಠಾಣೆಯಲ್ಲಿ ವಿಚಾರಿಸಿಕೊಳ್ಳಿ. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತು ಪುರಾತನ ವಸ್ತು; ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮಗನ ಗೋಡೆಗೆ ತಾತನ ಕತ್ತಿ ಒಯ್ಯುವ ಆಸೆಯನ್ನು ಬಿಡಬೇಕಾಗುತ್ತದೆ.

ಪರೀಕ್ಷೆ ಮುಗಿದ ಮೇಲೆ ಒಂದು ಗಟ್ಟಿ ಕಾಗದದಲ್ಲಿ ಅಳತೆಗಳು, ಮುದ್ರೆಗಳ ಚಿತ್ರ, ಅವು ಇರುವ ಜಾಗ, ನೋಡಿದ ತಾರೀಕು ಇವನ್ನು ಬರೆದು ಕತ್ತಿಯ ಜೊತೆಗೇ ಇಡಿ. ಅದರ ಕೆಳಗೆ, ಬೇರೆ ಶಾಯಿಯಲ್ಲಿ, ಮನೆಯ ಕಥೆಯನ್ನೂ ಬರೆಯಿರಿ: ಯಾರು ಹೇಳಿದರು, ಅವರಿಗೆ ಯಾರಿಂದ ಬಂದಿತು, ಎಂದು ಕೇಳಿದಿರಿ. ಆ ಪರಿಚಿತರ ಮನೆಯ ಕಾಗದದಲ್ಲಿ 1853ರ ಮಾದರಿ ಎಂಬ ಸಾಲಿನ ಕೆಳಗೆ ಟಿಪ್ಪುವಿನ ಸವಾರನ ಸಾಲೂ ಹಾಗೆಯೇ ಇದೆ.